ಗೋದಾಮಿನ ಬಾಗಿಲಲ್ಲಿ

ಇಂದು ಮಧ್ಯಾಹ್ನ ಮಂಗಳೂರಿನ ಬಂದರು ಓಣಿಯಲ್ಲಿ, ಗೋಣಿ ಹೊತ್ತವರು ದಾಟಿಹೋಗಲೆಂದು ಹಳೆಯ ಗೋದಾಮೊಂದರ ಬಾಗಿಲ ಬಳಿ ಸರಿದು ನಿಂತಿದ್ದಾಗ, ಕೇರಳದ ಕೊಚ್ಚಿಯಲ್ಲಿ ನಡೆಯುವ ಸಮಕಾಲೀನ ಕಲೆಯ ದೊಡ್ಡ ಪ್ರದರ್ಶನವಾದ ಕೊಚ್ಚಿ-ಮುಜಿರಿಸ್ ಬಿನಾಲೆಯ ಆರನೆಯ ಆವೃತ್ತಿಯ ವಿವರವನ್ನು ಗೆಳೆಯರೊಬ್ಬರು ಮೊಬೈಲಿಗೆ ಕಳುಹಿಸಿದರು. 2025ರ ಡಿಸೆಂಬರ್ 12ರಿಂದ 2026ರ ಮಾರ್ಚ್ 31ರವರೆಗೆ, ಒಟ್ಟು 110 ದಿನ.

ಈ ಬಾರಿಯ ಕ್ಯುರೇಟರ್, ಅಂದರೆ ಕೃತಿಗಳನ್ನು ಆಯ್ದು ಪ್ರದರ್ಶನ ರೂಪಿಸುವವರು, ಕಲಾವಿದ ನಿಖಿಲ್ ಚೋಪ್ರಾ ಮತ್ತು ಅವರ ಗೋವಾದ ತಂಡ. ವೇಷ ಬದಲಿಸುತ್ತ, ಚಿತ್ರ ಬರೆಯುತ್ತ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಪ್ರೇಕ್ಷಕರ ಎದುರಿಗಿರುವುದೇ ಚೋಪ್ರಾ ಅವರ ಕಲೆ. (ಇರುಳಿಡೀ ಬಯಲಾಟ ನೋಡಿ ಬೆಳೆದ ನಮಗೆ ಅದು ತೀರಾ ಅಪರಿಚಿತವೆನಿಸಲಾರದು.)

ನನ್ನ ಮನಸ್ಸು ಮಾತ್ರ ಗೋದಾಮಿನಲ್ಲೇ ಉಳಿಯಿತು. 2012ರ ಮೊದಲ ಬಿನಾಲೆಗೆ ಮುಖ್ಯ ತಾಣವಾಗಿದ್ದ ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್, ಹತ್ತೊಂಬತ್ತನೆಯ ಶತಮಾನದಲ್ಲಿ ಕರಿಮೆಣಸು, ತೆಂಗಿನೆಣ್ಣೆಗಳ ವ್ಯಾಪಾರ ನಡೆಸಿದ ಕಂಪೆನಿಯ ಆವರಣ. ಕಾಫಿ ವಹಿವಾಟಿನ ದೆಸೆಯಿಂದ ಆಸ್ಪಿನ್‌ವಾಲ್ ಎಂಬ ಹೆಸರು ನಮ್ಮ ಮಂಗಳೂರಿಗೂ ಹೊಸದಲ್ಲ. ಅಲ್ಲಿ ಮೂಟೆಗಳು ಖಾಲಿಯಾದ ಗೋಡೆಗಳ ನಡುವೆ ಕಲಾಕೃತಿಗಳು ಬಂದು ಕುಳಿತವು. ಇಲ್ಲಿ ನನ್ನ ಅಂಗಿಗೆ ಒಣಶುಂಠಿಯ ಧೂಳು ಇನ್ನೂ ಅಂಟುತ್ತಿದೆ, ಮತ್ತು ಅದರಿಂದ ನನಗೆ ಬೇಸರವೇನೂ ಆಗಲಿಲ್ಲ.

ಕೊಚ್ಚಿಗೆ ಹೋಗಲು ಮಲಬಾರ್ ಎಕ್ಸ್‌ಪ್ರೆಸ್ ರೈಲಿಗೆ ಜನವರಿಯ ಟಿಕೆಟ್ ನೋಡುತ್ತಿದ್ದೇನೆ. ಜೊತೆಗೆ ಬರುವವರಿದ್ದರೆ ತಿಳಿಸಿ.