ತುಕ್ಕಿನ ಕೆಳಗಿನ ನಂಬರು: ಹರ್ಷಿ ಜಾತ್ರೆಯಲ್ಲಿ ಹಳೇ ಕಾರಿನ ಬಿಡಿಭಾಗ ಹುಡುಕುವುದು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಎಂದರೆ ಹೆಚ್ಚಿನವರಿಗೆ ಚಾಕೊಲೇಟ್ ನೆನಪಾಗುತ್ತದೆ. ಹಳೇ ಕಾರಿನ ಹುಚ್ಚು ಹಿಡಿದವರಿಗೆ ಮಾತ್ರ ಅದು ಅಕ್ಟೋಬರ್ ತಿಂಗಳ ಜಾತ್ರೆಯ ಊರು. ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ 1955ರಲ್ಲಿ ಶುರು ಮಾಡಿದ ಈ ಕೂಟಕ್ಕೆ ಈಗ ಸಾವಿರಾರು ಮಳಿಗೆಗಳು ಬರುತ್ತವೆ. ಚಾಕೊಲೇಟ್ ಫೀಲ್ಡ್, ಗ್ರೀನ್ ಫೀಲ್ಡ್, ರೆಡ್ ಫೀಲ್ಡ್ ಎಂದು ಮೈದಾನಗಳಿಗೆಲ್ಲ ಹೆಸರಿದೆ. ಶಿವಾಜಿನಗರದ ಗುಜರಿ ಅಂಗಡಿಗಳನ್ನೂ ಜೆ.ಸಿ. ರೋಡನ್ನೂ ಒಟ್ಟಿಗೆ ತಂದು ಬಯಲಲ್ಲಿ ಹರಡಿದಂತೆ ಅಂದುಕೊಳ್ಳಿ. ಟಾರ್ಪಾಲಿನ ಮೇಲೆ ರಾಶಿ ಬಿದ್ದಿರುವ ಕಬ್ಬಿಣದಲ್ಲಿ ನಿಮಗೆ ಬೇಕಾದ ಒಂದೇ ಒಂದು ತುಂಡು ಎಲ್ಲಿದೆ, ಅದು ಅದೇ ಹೌದೋ ಅಲ್ಲವೋ ಅನ್ನುವುದೇ ಇಲ್ಲಿನ ಪ್ರಶ್ನೆ.

ಈ ಪ್ರಶ್ನೆಗೆ ಮಾರುವವನ ಮಾತನ್ನು ಕೊನೆಯ ಸಾಕ್ಷಿಯಾಗಿ ಇಟ್ಟುಕೊಳ್ಳಿ. ಅವನು ಸುಳ್ಳುಗಾರ ಎಂದಲ್ಲ. ತಾತನ ಕೊಟ್ಟಿಗೆ ಖಾಲಿ ಮಾಡಿ ತಂದ ಮಾಲು ಯಾವ ವರ್ಷದ್ದೆಂದು ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ. ಮೊದಲು ಅಳತೆ, ಆಮೇಲೆ ನಂಬರು, ಅದಾದ ಮೇಲೆ ಮಾತು.

ಉದಾಹರಣೆಗೆ ಫೋರ್ಡ್ ಮಾಡೆಲ್ ಎ ಕಾರನ್ನೇ ತೆಗೆದುಕೊಳ್ಳೋಣ. 1927ರ ಕೊನೆಯಿಂದ 1931ರವರೆಗೆ ಸುಮಾರು 48 ಲಕ್ಷ ಕಾರು ತಯಾರಾದವು. ಹಾಗಾಗಿ ಭಾಗಗಳಿಗೆ ಬರವಿಲ್ಲ, ಗೊಂದಲಕ್ಕೂ ಬರವಿಲ್ಲ. ಫೋರ್ಡಿನ ನಂಬರು ಪದ್ಧತಿ ಒಮ್ಮೆ ತಲೆಗೆ ಹೋದರೆ ಅರ್ಧ ಕೆಲಸ ಆದಂತೆ. ನಂಬರಿನ ಮೊದಲ ತುಂಡು ಮಾಡೆಲ್ ಹೇಳುತ್ತದೆ: ಮಾಡೆಲ್ ಎ ಕಾರಿಗೆ ಎ, 1932ರ ನಾಲ್ಕು ಸಿಲಿಂಡರಿಗೆ ಬಿ, ಅದೇ ವರ್ಷದ ವಿ-8ಕ್ಕೆ 18, 1933–34ಕ್ಕೆ 40, 1935ಕ್ಕೆ 48, 1936ಕ್ಕೆ 68. ಎರಡನೇ ತುಂಡು ಅದು ಯಾವ ವಸ್ತು ಎಂದು ಹೇಳುತ್ತದೆ. 1000ದ ಸಾಲು ಚಕ್ರ, 2000 ಬ್ರೇಕು, 3000 ಮುಂದಿನ ಆಕ್ಸಲ್ ಮತ್ತು ಸ್ಟೀರಿಂಗ್, 4000 ಹಿಂದಿನ ಆಕ್ಸಲ್, 6000 ಎಂಜಿನ್, 7000 ಗೇರ್‌ಬಾಕ್ಸ್ ಮತ್ತು ಕ್ಲಚ್, 8000 ರೇಡಿಯೇಟರ್, 9000 ಪೆಟ್ರೋಲಿನ ವ್ಯವಸ್ಥೆ, 10000 ಡೈನಮೋ, 11000 ಸ್ಟಾರ್ಟರ್, 12000 ಇಗ್ನಿಷನ್, 13000 ದೀಪಗಳು. ಎ-9510 ಅಂದರೆ ಮಾಡೆಲ್ ಎ ಕಾರ್ಬುರೇಟರ್. ಮೂವತ್ತೈದು ವರ್ಷ ಬಿಟ್ಟು ಬಂದ ಫೋರ್ಡ್ ಮಸ್ಟಾಂಗಿನಲ್ಲೂ ಕಾರ್ಬುರೇಟರ್ 9510ರಲ್ಲೇ ಇದೆ. ಇಷ್ಟು ಶಿಸ್ತಿನ ಲೆಕ್ಕ ಇಟ್ಟ ಕಂಪನಿಗಳು ಕಡಿಮೆ.

ಆದರೆ ಲೋಹದ ಮೇಲೆ ಎದ್ದು ಕಾಣುವ ನಂಬರು ಬಹಳ ಸಲ ಪಾರ್ಟ್ ನಂಬರ್ ಆಗಿರುವುದಿಲ್ಲ, ಎರಕದ ನಂಬರ್ ಆಗಿರುತ್ತದೆ. ಒಂದೇ ಎರಕವನ್ನು ಬೇರೆ ಬೇರೆ ರೀತಿ ಕೊರೆದು, ಕಡೆದು, ಎರಡು ಮೂರು ಬೇರೆ ಭಾಗ ಮಾಡಬಹುದು. ಅಂಗಡಿಯಲ್ಲಿ ಡಬ್ಬಿಯ ಮೇಲೆ ಬರುತ್ತಿದ್ದ ನಂಬರೇ ಬೇರೆ, ಎರಕದ ಮನೆಯಲ್ಲಿ ಮೂಡಿದ ನಂಬರೇ ಬೇರೆ. 1960ರ ದಶಕದ ಫೋರ್ಡುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಸಿ5 ಎಂದು ಶುರುವಾದರೆ ಸಿ ಅಂದರೆ ಅರವತ್ತರ ದಶಕ, 5 ಅಂದರೆ 1965, ಮೂರನೇ ಅಕ್ಷರ ಕಾರಿನ ಸಾಲು. ಆ ವರ್ಷ ಅದರ ನಕ್ಷೆ ಬಂತು ಎಂದಷ್ಟೇ ಇದರರ್ಥ. ಅದೇ ಎರಕ ಇನ್ನೂ ಎರಡು ಮೂರು ವರ್ಷ ಬಳಕೆಯಲ್ಲಿ ಇದ್ದಿರಬಹುದು. ಹುಟ್ಟಿದ ದಿನ ಬೇಕಾದರೆ ದಿನಾಂಕದ ಗುರುತು ಹುಡುಕಬೇಕು. ಫೋರ್ಡಿನಲ್ಲಿ 5ಸಿ12 ಎಂದರೆ 1965ರ ಮಾರ್ಚ್ 12: ಎ ಜನವರಿ, ಬಿ ಫೆಬ್ರವರಿ, ಹಾಗೇ ಮುಂದೆ, ನಡುವೆ ಐ ಮಾತ್ರ ಬಿಟ್ಟಿದ್ದಾರೆ. ಷೆವರ್ಲೆಯಲ್ಲಿ ತಿಂಗಳು ಮೊದಲು, ಆಮೇಲೆ ದಿನ, ಕೊನೆಗೆ ವರ್ಷದ ಒಂದೇ ಅಂಕಿ. ಹಾಗಾಗಿ 1955ರದ್ದೂ 1965ರದ್ದೂ ಒಂದೇ ಥರ ಕಾಣುತ್ತವೆ. ದಶಕವನ್ನು ಎರಕದ ನಂಬರಿನಿಂದ ತೀರ್ಮಾನಿಸಬೇಕು. ಇಂಗ್ಲಿಷ್ ಕಾರುಗಳ ಲೂಕಾಸ್ ಡೈನಮೋ, ಸ್ಟಾರ್ಟರ್‌ಗಳ ಮೇಲೆ ಪಾರ್ಟ್ ನಂಬರಿನ ಪಕ್ಕ 11 52 ಎಂದು ಒತ್ತಿರುತ್ತಾರೆ, ಅಂದರೆ 1952ರ ನವೆಂಬರ್. ಬೋಲ್ಟಿನ ಮೇಲಿನ ಫೋರ್ಡ್ ಸಹಿ ನೋಡಿ ಹಿಗ್ಗಬೇಡಿ, ಈಗ ಅಚ್ಚು ಹಾಕಿದ ನಕಲಿಗಳ ಮೇಲೂ ಅದು ಇರುತ್ತದೆ.

ಮಾಡೆಲ್ ಎ ಒಳಗೇ ಎರಡು ಜಾತಿ ಇದೆ. 1927ರ ಕೊನೆಯಿಂದ 1928ರ ನಡುವಿನವರೆಗೆ ಬಂದವನ್ನು ಇಲ್ಲಿನವರು ಎಆರ್ ಎನ್ನುತ್ತಾರೆ. ಹಲವು ತಟ್ಟೆಗಳ ಕ್ಲಚ್, ಎಡಗಡೆಯ ಕೈಬ್ರೇಕ್, ಕೆಂಪು ಸ್ಟೀರಿಂಗ್ ಚಕ್ರ, ಪವರ್‌ಹೌಸ್ ಎಂದು ಕರೆಯುವ ದಪ್ಪ ಜನರೇಟರ್ ಆ ಕಾಲದವು, ಬೆಲೆಯೂ ಹೆಚ್ಚು. 1928–29ರ ಚಕ್ರ 21 ಇಂಚು, 1930–31ರದ್ದು 19 ಇಂಚು. 1928–29ರ ಹೆಡ್‌ಲೈಟಿಗೆ ನಿಕಲ್ ಲೇಪ, 1930–31ರದ್ದು ಸ್ಟೇನ್‌ಲೆಸ್ ಸ್ಟೀಲ್. ನಿಕಲ್ ಸ್ವಲ್ಪ ಹಳದಿಗೆ ತಿರುಗುತ್ತದೆ, ಕ್ರೋಮ್ ನೀಲಿಗೆ. ಬಿಳಿ ಕಾಗದದ ಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ.

ಟೈರಿನ ಅಳತೆಯಲ್ಲಿ ಹೊಸಬರು ತಪ್ಪುವುದು ಖಾತ್ರಿ. ಫೋರ್ಡಿನ ಮಾಡೆಲ್ ಟಿ ಕಾರಿನ 30x3½ ಎಂಬುದರಲ್ಲಿ 30 ಅಂದರೆ ಟೈರಿನ ಹೊರಗಿನ ವ್ಯಾಸ, ರಿಮ್ ಅಲ್ಲ. ಮೂವತ್ತರಿಂದ ಮೂರೂವರೆಯನ್ನು ಎರಡು ಸಲ ಕಳೆಯಿರಿ: ರಿಮ್ 23 ಇಂಚು. ಮಾಡೆಲ್ ಎ ಕಾರಿನ 4.50-21 ಎಂಬಲ್ಲಿ 21 ನೇರವಾಗಿ ರಿಮ್ಮಿನದೇ ಅಳತೆ.

ಚೀಲದಲ್ಲಿ ಏನಿರಬೇಕು? ವರ್ನಿಯರ್ ಕ್ಯಾಲಿಪರ್, ಥ್ರೆಡ್ ಗೇಜು, ಅಯಸ್ಕಾಂತ, ಟಾರ್ಚು, ದಂತವೈದ್ಯರ ಕನ್ನಡಿಯಂಥದ್ದೊಂದು, ತಂತಿ ಬ್ರಷ್ಷು, ಸೀಮೆಸುಣ್ಣ, ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ. ಜೊತೆಗೆ ನಿಮ್ಮ ಕಾರಿನ ಭಾಗದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ತೂತುಗಳ ನಡುವಿನ ಅಂತರ ಬರೆದು ತನ್ನಿ. ಫೋನಿನ ಫೋಟೊದಲ್ಲಿ ಅಳತೆ ಇರುವುದಿಲ್ಲ.

ಥ್ರೆಡ್ ಗೇಜು ಯಾಕೆ ಅಂದರೆ, ಬೋಲ್ಟು ಕಾರಿನ ಜಾತಕ ಹೇಳುತ್ತದೆ. ಹಳೇ ಇಂಗ್ಲಿಷ್ ಕಾರಿನ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದ್ದು 60. ಕಾಲು ಇಂಚಿನ ಬೋಲ್ಟಿಗೆ ವಿಟ್‌ವರ್ತ್‌ನಲ್ಲೂ ಅಮೆರಿಕದ ಯುಎನ್‌ಸಿ ಥ್ರೆಡ್ಡಿನಲ್ಲೂ ಇಂಚಿಗೆ 20 ಸುತ್ತು, ಹಾಗಾಗಿ ಒಂದರ ನಟ್ಟು ಇನ್ನೊಂದಕ್ಕೆ ಹತ್ತಿಬಿಡುತ್ತದೆ; ಕೋನ ಬೇರೆಯಾದ್ದರಿಂದ ಹಿಡಿತ ಸಾಲದೆ ಕ್ರಮೇಣ ಸಡಿಲವಾಗುತ್ತದೆ. ಅರ್ಧ ಇಂಚಿಗೆ ಬಂದರೆ 12 ಮತ್ತು 13, ಅಲ್ಲಿ ಬಲವಂತ ಮಾಡಿದರೆ ಥ್ರೆಡ್ಡೇ ಕಿತ್ತುಬರುತ್ತದೆ. ಎಂಜಿ ಟಿಸಿ ಎಂಬ ಇಂಗ್ಲಿಷ್ ಕಾರಿನ 1250 ಸಿಸಿ ಎಂಜಿನ್ನು ಇನ್ನೂ ತಮಾಷೆ: ಬೋಲ್ಟಿನ ತಲೆ ವಿಟ್‌ವರ್ತ್ ಸ್ಪ್ಯಾನರಿಗೆ ಸರಿ, ಒಳಗಿನ ಥ್ರೆಡ್ಡು ಮೆಟ್ರಿಕ್. ತಲೆ ನೋಡಿ ಬೋಲ್ಟು ಕೊಂಡವನು ಕೆಟ್ಟ. ಬೇರಿಂಗಿಗೆ ಇಷ್ಟು ಕಷ್ಟವಿಲ್ಲ. ಒಳವ್ಯಾಸ, ಹೊರವ್ಯಾಸ, ಅಗಲ ಮೂರೂ ಬರೆದುಕೊಂಡರೆ ಎಷ್ಟೋ ಸಲ ಇವತ್ತಿನ ಕ್ಯಾಟಲಾಗಿನಲ್ಲೇ ಹೊಸದು ಸಿಗುತ್ತದೆ, ಜಾತ್ರೆಯಲ್ಲಿ ದುಡ್ಡು ಸುರಿಯಬೇಕಿಲ್ಲ.

ಎಂಜಿನ್ ಬ್ಲಾಕ್ ಕೊಳ್ಳುವಾಗ ನಮ್ಮ ಕಡೆಯವರು ನೋಡದೇ ಬಿಡುವ ಒಂದು ಸಂಗತಿ ಇದೆ: ಹಿಮ. ಇಲ್ಲಿ ಚಳಿಗಾಲದಲ್ಲಿ ನೀರು ಬಿಟ್ಟು ಖಾಲಿ ಮಾಡದ ಬ್ಲಾಕಿನೊಳಗೆ ನೀರು ಹೆಪ್ಪುಗಟ್ಟಿ ಹಿಗ್ಗಿ ವಾಟರ್ ಜಾಕೆಟ್ಟಿನ ಗೋಡೆಯನ್ನು ಸೀಳುತ್ತದೆ. ಬೆಂಗಳೂರಿನ ಮೇಸ್ತ್ರಿ ಇಂಥದ್ದನ್ನು ಕಂಡಿರುವುದು ಅಪರೂಪ. ಅನುಮಾನದ ಜಾಗವನ್ನು ಬ್ರಷ್ಷಿನಿಂದ ಉಜ್ಜಿ ಸೀಮೆಎಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು ಒಣಗಿಸಿ ಒರೆಸಿ, ಮೇಲೆ ಸೀಮೆಸುಣ್ಣ ತೀಡಿ. ಬಿರುಕಿದ್ದರೆ ಒಳಗೆ ಉಳಿದ ಎಣ್ಣೆ ಸುಣ್ಣದಲ್ಲಿ ಕಪ್ಪು ಗೆರೆಯಾಗಿ ಮೂಡುತ್ತದೆ. ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಿನ ಜಾಗವನ್ನು ಮೊದಲು ನೋಡಿ, ಮಾಡೆಲ್ ಎ ಅಲ್ಲಿ ಬಿರಿಯುವುದು ಹೆಚ್ಚು. ಮೂಲ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 3.875 ಇಂಚು. ಅದು 4 ಇಂಚಿಗೆ ಬಂದಿದ್ದರೆ ಮುಂದೆ ಸ್ಲೀವ್ (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಹಾಕದೆ ಗತಿಯಿಲ್ಲ. ಕ್ರ್ಯಾಂಕಿನ ಕನೆಕ್ಟಿಂಗ್ ರಾಡ್ ಜರ್ನಲ್ (ರಾಡ್ ಕೂರುವ ದುಂಡು ಭಾಗ) ಹೊಸದರಲ್ಲಿ ಒಂದೂವರೆ ಇಂಚು. ಎಷ್ಟು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಕಡಿಮೆ ಆಗಿದೆ ಎಂದು ಅಳೆದು ಬೆಲೆ ಮಾತಾಡಿ. ಎಂಜಿನ್ ನಂಬರು ಎಡಬದಿಯಲ್ಲಿ, ನೀರಿನ ಒಳದಾರಿಯ ಮೇಲ್ಗಡೆ ಒತ್ತಿರುತ್ತದೆ. ಅದನ್ನು ಉಜ್ಜುವುದು, ಕಾರಿನ ಗುರುತಿನ ತಗಡನ್ನು ಕಿತ್ತು ಬೇರೆ ಕಾರಿಗೆ ಹಾಕುವುದು ಇಲ್ಲಿ ದೊಡ್ಡ ಅಪರಾಧ. ಅಂಥ ಬ್ಲಾಕು ಎಷ್ಟು ಅಗ್ಗವಾದರೂ ಬೇಡ.

ಮಾಡೆಲ್ ಎ ಕಾರಿನ ಜೆನಿತ್ ಕಾರ್ಬುರೇಟರಿನ ಮೈ ಬೀಡು ಕಬ್ಬಿಣ, ಅದೇ ಅದರ ಪುಣ್ಯ. ಒಳಗೆ ಮೇನ್, ಕ್ಯಾಪ್, ಕಾಂಪೆನ್ಸೇಟರ್, ಐಡಲ್ ನಾಲ್ಕೂ ಜೆಟ್ ಇವೆಯೇ ನೋಡಿ. ಆ ಕಾಲದ ಎಷ್ಟೋ ಬೇರೆ ಭಾಗಗಳಿಗೆ ಆ ಪುಣ್ಯ ಇರಲಿಲ್ಲ. 1920–30ರ ದಶಕದಲ್ಲಿ ಸತುವಿನ ಎರಕ ಬಳಸಿದ ಬಾಗಿಲ ಹಿಡಿ, ಕಾರ್ಬುರೇಟರ್ ಮೈ, ಪೆಟ್ರೋಲ್ ಎಳೆಯುವ ವ್ಯಾಕ್ಯೂಮ್ ಟ್ಯಾಂಕಿನ ಮುಚ್ಚಳಗಳನ್ನು ಇಲ್ಲಿನವರು ಪಾಟ್ ಮೆಟಲ್ ಎನ್ನುತ್ತಾರೆ. ಸತುವಿನಲ್ಲಿ ಸೀಸದ ಕಲಬೆರಕೆ ಸ್ವಲ್ಪ ಇದ್ದರೂ ಲೋಹದ ಕಣಗಳ ನಡುವೆ ಸವಕಳಿ ಹಬ್ಬಿ, ತುಂಡು ಊದಿಕೊಂಡು, ಬಿರಿದು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಶುದ್ಧ ಸತುವಿನ ಜಮಾಕ್ ಮಿಶ್ರಲೋಹವನ್ನು ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ತಂದಮೇಲೆ ಈ ಪೀಡೆ ಕ್ರಮೇಣ ಕಡಿಮೆಯಾಯಿತು. ರೋಗ ಹಿಡಿದ ತುಂಡಿಗೆ ಬೆಸುಗೆ ನಿಲ್ಲುವುದಿಲ್ಲ, ಅಂಟೂ ಬಹಳ ದಿನ ಬಾಳುವುದಿಲ್ಲ. ಬಿರುಕು ಕೂದಲೆಳೆಯಷ್ಟೇ ಇರುವಾಗ ಸಿಕ್ಕಿದರೂ ಕೊಳ್ಳಿ: ಕಾರಿಗೆ ಹಾಕಲು ಅಲ್ಲ, ನಕಲು ಮಾಡಲು.

ನಕಲು ಮಾಡುವಾಗ ಒಂದು ಲೆಕ್ಕ ತಪ್ಪಿದರೆ ಎಲ್ಲ ಹಾಳು. ಹಳೇ ತುಂಡನ್ನೇ ಮರಳಿನಲ್ಲಿ ಒತ್ತಿ ಅಚ್ಚು ಮಾಡಿದರೆ ಹೊಸದು ಚಿಕ್ಕದಾಗುತ್ತದೆ. ಆರುವಾಗ ಬೀಡು ಕಬ್ಬಿಣ ಸುಮಾರು ಶೇ. 1, ಅಲ್ಯೂಮಿನಿಯಂ ಶೇ. 1.3, ಕಂಚು ಶೇ. 1.5ರಿಂದ 2 ಕುಗ್ಗುತ್ತದೆ. 200 ಮಿ.ಮೀ. ಉದ್ದದ ಅಲ್ಯೂಮಿನಿಯಂ ತುಂಡಿನಲ್ಲಿ ಎರಡೂವರೆ ಮಿಲಿಮೀಟರಿಗೂ ಹೆಚ್ಚು ವ್ಯತ್ಯಾಸ. ಬೋಲ್ಟಿನ ತೂತುಗಳು ಒಂದಕ್ಕೊಂದು ಕೂಡುವುದಿಲ್ಲ. ಊದಿದ ಪಾಟ್ ಮೆಟಲಿನಲ್ಲಿ ಮೂಲ ತುಂಡೇ ದೊಡ್ಡದಾಗಿರುತ್ತದೆ, ಅದು ಬೇರೆ ತಲೆನೋವು. ಹಾಗಾಗಿ ಅದು ಕೂರಬೇಕಾದ ಜಾಗವನ್ನು ಕಾರಿನ ಮೇಲೇ ಅಳೆದು, ಕುಗ್ಗುವಷ್ಟನ್ನು ಸೇರಿಸಿ ಮರದಲ್ಲೋ 3ಡಿ ಪ್ರಿಂಟಿನಲ್ಲೋ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಒತ್ತುವ ಮಾದರಿ, ಮಾಡಿಸಬೇಕು. ಇದಕ್ಕೆ ಅಮೆರಿಕವೇ ಆಗಬೇಕೆಂದಿಲ್ಲ. ಬೆಳಗಾವಿಯ ಎರಕದ ಕಾರ್ಖಾನೆಗಳಿಗೆ ಈ ಲೆಕ್ಕ ದಿನನಿತ್ಯದ್ದು. ಒಂದೆರಡು ತುಂಡಿಗಾಗಿ ಅವರನ್ನು ಒಪ್ಪಿಸುವುದೇ ಕಷ್ಟ.

ತುಕ್ಕು ಬಿಡಿಸಲು ಸೋವಿ ದಾರಿ ಕಾಕಂಬಿ. ಮಂಡ್ಯದವರಿಗೆ ಹೇಳಬೇಕಿಲ್ಲ, ಸಕ್ಕರೆ ಕಾರ್ಖಾನೆಯ ಅದೇ ಕಾಕಂಬಿ. ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದರಿಂದ ಮೂರು ವಾರ ಮುಳುಗಿಸಿಡಿ, ಮೂರು ನಾಲ್ಕು ದಿನಕ್ಕೊಮ್ಮೆ ಎತ್ತಿ ನೋಡಿ. ನಾತ ಜೋರು, ಮನೆಯಿಂದ ದೂರ ಇರಲಿ. ಅಲ್ಯೂಮಿನಿಯಂ ಮತ್ತು ಸತುವನ್ನು ಅದು ತಿಂದುಹಾಕುತ್ತದೆ. ಬೇಗ ಆಗಬೇಕಾದರೆ ವಿದ್ಯುತ್ತು: ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಚಾರ್ಜರ್. ನೆಗೆಟಿವ್ ತಂತಿ ನಿಮ್ಮ ಭಾಗಕ್ಕೆ, ಪಾಸಿಟಿವ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ತಿರುಗುಮುರುಗಾದರೆ ಸವೆಯುವುದು ನಿಮ್ಮ ಭಾಗವೇ. ಗುಜರಿ ತುಂಡಿನ ಜಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಬೇಡವೇ ಬೇಡ, ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಲ್ಲೇ ಮಾಡಿ, ಬೀಡಿ ಸಿಗರೇಟು ದೂರ ಇಡಿ. ಸ್ಪ್ರಿಂಗುಗಳನ್ನು ಇದರಲ್ಲಿ ಹಾಕಬಾರದು, ಹೈಡ್ರೋಜನ್ ಉಕ್ಕಿನೊಳಗೆ ಸೇರಿ ಅವು ಪೆಡಸಾಗಿ ಮುರಿಯುತ್ತವೆ. ಎರಡೂ ವಿಧಾನದಲ್ಲಿ ಹೊರತೆಗೆದ ಗಂಟೆಗಳಲ್ಲೇ ಹೊಸ ತುಕ್ಕು ಏರುತ್ತದೆ. ಬಿಸಿನೀರಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ಬಾಗಿಲು, ಮಡ್‌ಗಾರ್ಡಿನಂಥ ತಗಡನ್ನು ಮರಳಿನ ಬ್ಲಾಸ್ಟಿಂಗಿಗೆ ಕೊಟ್ಟರೆ ಅಲೆಅಲೆಯಾಗಿ ಸೊಟ್ಟಗಾಗುತ್ತದೆ.

ಅಂಬಾಸಡರ್ ಇಟ್ಟುಕೊಂಡವರು ಹರ್ಷಿಯ ಕನಸು ಕಾಣಬೇಕಿಲ್ಲ. ಅದರ ಮೂಲ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಇಂಗ್ಲೆಂಡಿನ ಎಂಜಿಎ ಕಾರಿನ ಎಂಜಿನ್ನಿನ ಮನೆತನದ್ದೇ. ಇಂಗ್ಲೆಂಡಿನ ಹ್ಯಾಂಪ್‌ಷೈರಿನ ಬ್ಯೂಲಿಯಲ್ಲಿ 1967ರಲ್ಲಿ ಶುರುವಾದ ಆಟೋಜಂಬಲ್ ನಿಮ್ಮ ಜಾತ್ರೆ, ಸೆಪ್ಟೆಂಬರಿನಲ್ಲಿ.

ಊರಿಗೆ ಸಾಗಿಸುವಾಗ ಕಾರ್ಬುರೇಟರ್, ಪೆಟ್ರೋಲ್ ಟ್ಯಾಂಕು ಸೂಟ್‌ಕೇಸಿಗೆ ತುರುಕಬೇಡಿ. ಪೆಟ್ರೋಲಿನ ವಾಸನೆ ಉಳಿದಿದ್ದರೆ ವಿಮಾನದವರು ತೆಗೆದಿಡುತ್ತಾರೆ. ಭಾರದ್ದಕ್ಕೆ ಹಡಗೇ ಗತಿ. ಮರದ ಪೆಟ್ಟಿಗೆಯ ಹಲಗೆಯ ಮೇಲೆ ಶಾಖದಲ್ಲಿ ಹದ ಮಾಡಿದ್ದಕ್ಕೆ ಎಚ್‌ಟಿ ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಬಂದರಿನಲ್ಲೇ ಸಿಕ್ಕಿಬೀಳುತ್ತದೆ. ಪ್ರತಿ ತುಂಡಿಗೂ ತಂತಿಯಲ್ಲಿ ತಗಡಿನ ಚೀಟಿ ಕಟ್ಟಿ, ನಂಬರು ಮತ್ತು ಅದು ಯಾವ ಕಡೆಯದು, ಎಡವೋ ಬಲವೋ ಎಂದು ಮೊಳೆಯಿಂದ ಗೀರಿ ಬರೆಯಿರಿ. ಹಡಗಿನ ತೇವಕ್ಕೆ ಕಾಗದದ ಚೀಟಿ ಉಳಿಯುವುದಿಲ್ಲ.