ಹೆಗ್ಗಣದ ಹಿಂದೆ ನಿಘಂಟಿನೊಳಗೆ

ಪತ್ರಿಕೆಯಲ್ಲಿ ಕಂಡ ‘ಬ್ಯಾಂಡ್‌ವ್ಯಾಗನ್’ ಎಂಬ ಪದದ ಅರ್ಥ ನೋಡೋಣವೆಂದು ಕಳೆದ ಭಾನುವಾರ ಇಂಗ್ಲಿಷ್ ನಿಘಂಟು ತೆರೆದೆ. ಅದಕ್ಕಿಂತ ಸ್ವಲ್ಪ ಮೇಲೆ ‘ಬ್ಯಾಂಡಿಕೂಟ್’ ಎಂಬ ಪದ ಕಣ್ಣಿಗೆ ಬಿದ್ದು, ಹುಡುಕಲು ಬಂದದ್ದೇ ಮರೆತುಹೋಯಿತು. ಇದು ದಾವಣಗೆರೆಯಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಆರಿಸಿ ತಂದ ನಿಘಂಟು; ಬೆನ್ನಿನ ರಟ್ಟು ಕಿತ್ತುಹೋಗಿದೆ, ಕೊನೆಯ ಕೆಲವು ಹಾಳೆಗಳೇ ಇಲ್ಲ. ಆದರೆ ಪ್ರತಿ ಪದದ ತುದಿಗೆ ಅದು ಎಲ್ಲಿಂದ ಬಂತೆಂಬುದನ್ನು ಸಣ್ಣ ಅಕ್ಷರಗಳಲ್ಲಿ ಕೊಟ್ಟಿದ್ದಾರೆ. ನನಗೆ ಅರ್ಥಕ್ಕಿಂತ ಅದೇ ಹೆಚ್ಚು ರುಚಿ.

ಬ್ಯಾಂಡಿಕೂಟ್ ಎಂದರೆ ನಮ್ಮ ಹೆಗ್ಗಣ. ಮೂಲ ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಂಥ ಇಲಿ. ಹಳಗನ್ನಡದಲ್ಲಿಯೂ ಹಂದಿ ‘ಪಂದಿ’ಯೇ ಆಗಿತ್ತು, ಪಾಲು ಹಾಲಾದಂತೆ, ಪಾವು ಹಾವಾದಂತೆ ಪಂದಿ ಹಂದಿಯಾಯಿತು. ಹೀಗಾಗಿ ಆ ಇಂಗ್ಲಿಷ್ ಪದದ ಅರ್ಧ ಭಾಗ ನಮಗೂ ನೆಂಟನೇ. ಆಸ್ಟ್ರೇಲಿಯಾದಲ್ಲಿ ಹೊಟ್ಟೆಚೀಲವಿರುವ ಬೇರೊಂದು ಪ್ರಾಣಿಗೂ ಇದೇ ಹೆಸರಿಟ್ಟಿದ್ದಾರೆ, ಅದಕ್ಕೂ ಹೆಗ್ಗಣಕ್ಕೂ ಸಂಬಂಧವಿಲ್ಲದಿದ್ದರೂ.

ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವ, ಮನೆಯಲ್ಲಿ ತೆಲುಗು ಮಾತಾಡುವ ನಮ್ಮ ಮಾವನಿಗೆ ಫೋನ್ ಮಾಡಿ ಇದನ್ನು ಹೇಳಿದೆ. ಅವರ ಗೋದಾಮಿನಲ್ಲಿ ಮೂಲೆಯ ಚೀಲಗಳಿಗೆಲ್ಲ ಮುಷ್ಟಿ ತೂರುವಷ್ಟು ತೂತು ಬಿದ್ದಿರುವುದನ್ನು, ಅದರ ಕೆಳಗೆ ಸಿಪ್ಪೆಯ ಗುಡ್ಡೆ ಬಿದ್ದಿರುವುದನ್ನು ನಾನೇ ನೋಡಿದ್ದೇನೆ. “ಹೌದಪ್ಪಾ, ನಮ್ಮನೇಲಿ ಪಂದಿಕೊಕ್ಕು ಅಂತಾನೇ ಅನ್ನೋದು. ಇಂಗ್ಲಿಷಿಗೆ ಹೋದ್ಮೇಲೂ ಚೀಲ ಕಡಿಯೋದು ಬಿಟ್ಟಿಲ್ವಾ ಅದು?” ಎಂದರು. ಬಿಟ್ಟಿಲ್ಲವೆಂದೇ ಹೇಳಬೇಕು, ಏಕೆಂದರೆ ಆ ಚೀಲವೂ ಅದೇ ನಿಘಂಟಿನಲ್ಲಿದೆ: ‘ಗನ್ನಿ’ ಎಂಬುದು ನಮ್ಮ ಗೋಣಿಯೇ. ‘ಮಲ್ಲಿಗಟಾನಿ’ ಎಂಬ ಸೂಪು ಕೂಡ ತಮಿಳಿನ ಮಿಳಗು ತಣ್ಣೀರು, ಬರಿಯ ಮೆಣಸುನೀರು.

ಇಂಥ ಪದಗಳ ನಡುವೆ ‘ಪೆಟ್ರಿಕೋರ್’ ಬೇರೆ ಜಾತಿಯದು. ಅದು ಬಾಯಿಂದ ಬಾಯಿಗೆ ಬಂದದ್ದಲ್ಲ. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆಗಾಗಿ 1964ರಲ್ಲಿ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗಳು ಗ್ರೀಕಿನಿಂದ ಕಟ್ಟಿದ ಪದ. ಪೆಟ್ರ ಎಂದರೆ ಕಲ್ಲು; ಇಕೋರ್ ಎಂದರೆ ಗ್ರೀಕ್ ದೇವತೆಗಳ ನರಗಳಲ್ಲಿ ರಕ್ತದ ಬದಲು ಹರಿಯುವ ರಸ. ಬೇಸಿಗೆಯಲ್ಲಿ ಗಿಡಗಳಿಂದ ಬಂದ ಎಣ್ಣೆಯಂಶವನ್ನು ಕಲ್ಲು ಮಣ್ಣು ಹೀರಿಟ್ಟುಕೊಂಡು, ಹನಿ ಬಿದ್ದಾಗ ಬಿಟ್ಟುಕೊಡುತ್ತವೆಂಬುದು ಅವರ ವಿವರಣೆ. ದೇವತೆಗಳನ್ನು ಎಳೆತಂದದ್ದು ಸ್ವಲ್ಪ ಅತಿಯಾಯಿತೆನ್ನಿಸಿದರೂ, ಎತ್ತ ನೋಡಿದರೂ ಬಂಡೆಯೇ ಇರುವ ಚಿತ್ರದುರ್ಗದವನಾದ ನನಗೆ ವಾಸನೆಯ ಹೆಸರಿನಲ್ಲಿ ಮಣ್ಣಿಗಿಂತ ಮೊದಲು ಕಲ್ಲನ್ನು ಇಟ್ಟದ್ದು ಇಷ್ಟವಾಯಿತು.

ನಮ್ಮ ತಾಯಿಗೆ ಮಾತ್ರ ಇದಕ್ಕೆ ಹೆಸರು ಬೇಕಾಗಿಲ್ಲ. ಜೋಗಿಮಟ್ಟಿಯ ಕಡೆ ಮೋಡ ಕವಿದು ಆ ಗಾಳಿ ಬೀಸಿದೊಡನೆ “ಘಮ್ಮಂತೈತೆ, ಎಲ್ಲೋ ಬಿದ್ದೈತೆ” ಎಂದು, ಮಾಳಿಗೆಯ ಮೇಲೆ ಒಣಹಾಕಿದ ಸಂಡಿಗೆಯನ್ನು ಸೀರೆಯ ಸಮೇತ ಸುತ್ತಿಕೊಂಡು ಇಳಿದುಬರುತ್ತಾರೆ.