ನಾನು ಮಗುಚಿ ಹಾಕಿದ 48 ನಕ್ಷತ್ರಪುಂಜಗಳು

ಹೋದ ವರ್ಷದ ಆ ಡೆಮೊ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಿದೇಶದ ಒಂದು ಮ್ಯೂಸಿಯಂಗೆ ಟಚ್‌ಸ್ಕ್ರೀನ್ ಮಾಡಿಕೊಡುವ ಕೆಲಸ ಬಂದಿತ್ತು. ಹಳೇ ಕಾಲದ ಖಗೋಳಜ್ಞ ಅಲ್-ಸೂಫಿಯ ನಕ್ಷತ್ರಗಳ ಪುಸ್ತಕದ ಹಳೇ ಪ್ರತಿಯೊಂದನ್ನು ಜನ ಬೆರಳಲ್ಲಿ ತಿರುವಿ ನೋಡುವ ಹಾಗೆ ಮಾಡಬೇಕಿತ್ತು. ಸೂಫಿ ಇರಾನಿನ ರೇ ಊರಲ್ಲಿ 903ರಲ್ಲಿ ಹುಟ್ಟಿದವನು. ದೊರೆ ಅದುದ್ ಅಲ್-ದೌಲನ ಆಸ್ಥಾನದಲ್ಲಿದ್ದು, 964ರ ಸುಮಾರಿಗೆ ಇದನ್ನು ಅರೇಬಿಕ್‌ನಲ್ಲಿ ಬರೆದ. ಅವನಿಗೂ ಹಿಂದಿನ ಖಗೋಳಜ್ಞ ಟಾಲೆಮಿ ಪಟ್ಟಿ ಮಾಡಿದ 48 ನಕ್ಷತ್ರಪುಂಜಗಳು, ಒಂದೊಂದಕ್ಕೂ ಎರಡೆರಡು ಚಿತ್ರ. ಪುಟದಿಂದ ಚಿತ್ರ ಕತ್ತರಿಸಿ ತೆಗೆದರೆ ಒಟ್ಟು 96 ಕ್ರಾಪ್. ಎಲ್ಲವನ್ನೂ ಮಾಡಿದವನು ನಾನೇ.

ನೀಟಾಗಿ ಕಾಣಲಿ ಅಂತ ಚಿತ್ರದ ಮೇಲಿದ್ದ ಬರಹವನ್ನೂ ಕತ್ತರಿಸಿದ್ದೆ. ಉಳಿದದ್ದು ಗೊಂಬೆ, ಮೈ ತುಂಬ ಚುಕ್ಕಿ, ಚುಕ್ಕಿ ಪಕ್ಕ ಪುಟ್ಟ ಅಕ್ಷರ. ಆಮೇಲೆ ನೋಡಿದರೆ ಪ್ರತಿ ಜೋಡಿಯಲ್ಲೂ ಒಂದು ಇನ್ನೊಂದರ ಉಲ್ಟಾ! ಉದ್ದ ತೋಳಿನ ಅಂಗಿ ಹಾಕಿದ ಒರಾಯನ್ (ಬೇಟೆಗಾರನ ರೂಪದ ಪುಂಜ) ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ. ಅದಕ್ಕೂ ಹಿಂದಿನ ಪ್ರಾಜೆಕ್ಟಲ್ಲಿ ಕ್ಯಾಮೆರಾ ಸೆಟ್ಟಿಂಗ್ ಕೆಟ್ಟು ಅರ್ಧ ಬ್ಯಾಚ್ ಮಿರರ್ ಆಗಿ ಬಂದಿತ್ತು. ಇದೂ ಅದೇ ರೋಗ ಅಂದುಕೊಂಡೆ. ಒಂದೇ ಸಲಕ್ಕೆ ಎಲ್ಲಾ ಫೈಲ್ ತಿದ್ದುವ ಆ್ಯಕ್ಷನ್ ಓಡಿಸಿದೆ, ನಾಲ್ಕು ನಿಮಿಷದಲ್ಲಿ 48 ಫೈಲ್ ಫ್ಲಿಪ್ ಮಾಡಿ ಅದೇ ಹೆಸರಲ್ಲಿ ಸೇವ್ ಮಾಡಿ, ಕೆಲಸದ ಟಿಕೆಟ್ ಮುಚ್ಚಿ ಕಾಫಿಗೆ ಹೋದೆ. ಯಾರನ್ನೂ ಕೇಳಲಿಲ್ಲ. ಅಕ್ಷರ ನೋಡಿದರೆ ಗೊತ್ತಾಗುತ್ತಿತ್ತು ಅಲ್ವಾ ಅಂತೀರಿ. ನನಗೆ ಆ ಲಿಪಿ ನೆಟ್ಟಗಿದ್ದರೂ ಒಂದೇ, ಉಲ್ಟಾ ಇದ್ದರೂ ಒಂದೇ.

ಡೆಮೊ ದಿನ ಕ್ಯುರೇಟರ್ ಮೇಡಂ ಅಲ್ಲಿಂದಲೇ ನಾವು ಕಳಿಸಿದ ಬಿಲ್ಡ್ ತೆರೆದರು. ಒರಾಯನ್ ಬಂತು. ಸ್ವೈಪ್ ಮಾಡಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಮಾಡಿದರು. ನಮ್ಮ ಲೀಡ್ 'ಕ್ಯಾಶೆ ಇರಬೇಕು, ರಿಫ್ರೆಶ್ ಮಾಡಿ' ಅಂದರು. ರಿಫ್ರೆಶ್ ಆಯಿತು, ಮತ್ತೆ ಸ್ವೈಪ್, ಮತ್ತೆ ಅದೇ ಒರಾಯನ್ ಅದೇ ಕಡೆ ಮುಖ ಮಾಡಿ ನಿಂತಿದ್ದಾನೆ. ಸ್ವೈಪ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು; ತೋರಿಸೋಕೆ ವ್ಯತ್ಯಾಸವೇ ಇರಲಿಲ್ಲ. ಅದು ಗೊತ್ತಿದ್ದವನು ನಾನೊಬ್ಬನೇ, ಮೈಕ್ ಮ್ಯೂಟ್ ಮಾಡಿಕೊಂಡು ಕೂತಿದ್ದೆ.

ಮೇಡಂ ಜೂಮ್ ಮಾಡಿದರು. 'ಹೆಗಲ ಹತ್ತಿರದ ಈ ಜೀಮ್ ಯಾಕೆ ಹಿಂದುಮುಂದಾಗಿದೆ?' ಜೀಮ್ ಒಂದು ಅರೇಬಿಕ್ ಅಕ್ಷರ; ಅಲ್ಲಿ ಅಂಕಿಯಾಗಿ ಬಂದರೆ 3, ಪುಂಜದ ಮೂರನೇ ನಕ್ಷತ್ರ. ಆಗ ಅನ್‌ಮ್ಯೂಟ್ ಮಾಡಿ ಹೇಳಿದೆ. ಅವರು ಬೈಯಲಿಲ್ಲ. ಒಂದು ಪ್ರಿಂಟ್ ತೆಗೆದು ತಲೆ ಮೇಲೆ ಎತ್ತಿ ಹಿಡಿದು ತೋರಿಸಿದರು: ಒಂದು ಚಿತ್ರ ನೆಲದಿಂದ ಆಕಾಶ ನೋಡಿದಂತೆ, ಇನ್ನೊಂದು ಖಗೋಳದ ಗೋಲವನ್ನು ಮೇಜಿನ ಮೇಲಿಟ್ಟು ಹೊರಗಿಂದ ನೋಡಿದಂತೆ. ಹೊರಗಿಂದ ನೋಡಿದರೆ ಎಡಬಲ ಅದಲುಬದಲಾಗುತ್ತದೆ. ಗೋಲ ನೋಡಿ ಕಲಿತವರು ಆಕಾಶ ನೋಡುವಾಗ ಎಡವಬಾರದು ಅಂತಲೇ ಸೂಫಿ ಎರಡೂ ಬರೆದಿದ್ದ. ಯಾವುದು ಯಾವ ನೋಟ ಅಂತ ಚಿತ್ರದ ಮೇಲೇ ಬರೆದಿತ್ತಂತೆ. ನಾನು ಕತ್ತರಿಸಿದ್ದು ಅದನ್ನೇ.

ಆತ ಟಾಲೆಮಿಯ ಪಟ್ಟಿಯ ಹೊಳಪುಗಳನ್ನು ತಿದ್ದಿದ್ದು ನಕ್ಷತ್ರಗಳನ್ನು ಕಣ್ಣಾರೆ ನೋಡಿ. ನಾನು ತಿದ್ದಿದ್ದು ಕಾಫಿ ಆರಿಹೋಗುತ್ತೆ ಅಂತ.

ನನ್ನ ತಪ್ಪು ಒಪ್ಪುತ್ತೇನೆ. ಆದರೆ ಟಿಕೆಟ್‌ನಲ್ಲಿ ಇದ್ದದ್ದು 'ಟಾಗಲ್: ವ್ಯೂ ಎ, ವ್ಯೂ ಬಿ' ಅಷ್ಟೇ. ಮೇಡಂ ಬರೆದಿದ್ದ ಎರಡು ಪುಟದ ವಿವರಣೆ ಮ್ಯಾನೇಜರ್ ಇನ್‌ಬಾಕ್ಸಲ್ಲೇ ಬಿದ್ದಿತ್ತು. ಮಾಸ್ಟರ್ ಟಿಫ್‌ಗಳು (ಮೂಲ ಚಿತ್ರದ ಫೈಲ್‌ಗಳು) ಅವರ ಸರ್ವರಲ್ಲಿದ್ದದ್ದಕ್ಕೆ ಬಚಾವಾದೆ. ವಿಪಿಎನ್ ಆಮೆ ವೇಗದಲ್ಲಿ ಡೌನ್‌ಲೋಡ್ ಮಾಡಿತು, ರಾತ್ರಿ ಎರಡೂವರೆವರೆಗೆ ಮತ್ತೆ ಕ್ರಾಪ್ ಮಾಡಿದೆ, ಈ ಸಲ ಬರಹ ಸಮೇತ. ಮುಗಿಸಿ ಹೊರಗೆ ಬಂದಾಗ ಪಾರ್ಕಿಂಗ್ ಮೇಲೆ ಒರಾಯನ್ ಇತ್ತು. ನಮ್ಮಜ್ಜಿ ಮಳೆ ಲೆಕ್ಕಕ್ಕೆ ಹೇಳುತ್ತಿದ್ದ ಆರಿದ್ರಾ ಅದರದ್ದೇ ಹೆಗಲ ಕೆಂಪು ಚುಕ್ಕಿ. ಯಾವ ಹೆಗಲು ಅಂತ ಎರಡು ಸಲ ನೋಡಿಕೊಂಡೆ.

ಈಗ ಗುಣಮಟ್ಟ ಪರೀಕ್ಷೆಯ ನಮ್ಮ ಕ್ಯೂಸಿ ಶೀಟಿನಲ್ಲಿ 'ಮಿರರ್ ಚೆಕ್' ಅಂತ ಹೊಸ ಕಾಲಂ ಬಂದಿದೆ. ಎಲ್ಲಾ ಫೈಲಿಗೂ ತುಂಬಲೇಬೇಕು. ಆಡಿಯೊ ಫೈಲಿಗೂ.